ಪ್ರಾಗ್ ನೋಡಿ ಬಂದವನಿಗೆ ಹಾವೇರಿ ಗೊತ್ತಿರಲಿಲ್ಲ

ಎರಡು ವರ್ಷದ ಹಿಂದೆ ಪ್ರಾಜೆಕ್ಟ್ ಕೆಲಸಕ್ಕೆ ಬರ್ಲಿನ್‌ಗೆ ಹೋಗಿದ್ದೆ. ಅಲ್ಲಿಂದ ಒಂದು ವೀಕೆಂಡ್ ರೈಲು ಹಿಡಿದು ಪ್ರಾಗ್ ನೋಡಿ ಬಂದೆ. ಮೊದಲೇ ಬುಕ್ ಮಾಡಿದ ಅಗ್ಗದ ಟಿಕೆಟ್ಟು, ಹಾಸ್ಟೆಲಿನಲ್ಲಿ ಎಂಟು ಜನರ ರೂಮು, ಬ್ಯಾಗಿನಲ್ಲಿ ಅವ್ವ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿ. ಡ್ರೆಸ್ಡೆನ್ ದಾಟಿದ ಮೇಲೆ ಹಳಿ ಎಲ್ಬೆ ನದಿಯ ಪಕ್ಕದಲ್ಲೇ ಸಾಗುತ್ತದೆ. ನಾನು ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಪ್ರಾಗ್‌ನ ಚಾರ್ಲ್ಸ್ ಸೇತುವೆ ಕಟ್ಟಲು ಶುರು ಮಾಡಿದ್ದು 1357ರಲ್ಲಿ ಅಂತ ಓದಿ, ಅದರ ಕಲ್ಲು ಮುಟ್ಟಿ, ಫೋಟೊ ತೆಗೆದು ಅವ್ವನಿಗೆ ವಾಟ್ಸಾಪ್ ಮಾಡಿದೆ.

ಅವ್ವ ಫೋನ್ ಮಾಡಿ ಕೇಳಿದ್ದು ಒಂದೇ: “ಹಾವೇರಿ ಸಿದ್ದೇಶ್ವರನ ಗುಡಿಗಿಂತ ಹಳೇದೇನಪಾ ಅದು?”

ಗೊತ್ತಿರಲಿಲ್ಲ. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವನು ನಾನು. ಹಾವೇರಿ ಅಂದರೆ ರೈಲಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಆ ಗುಡಿಯೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. “ನೀ ನೋಡಿಯೇನು?” ಅಂದೆ. “ಎಲ್ಲಿದು, ನಾನೂ ನೋಡಿಲ್ಲ ಬಿಡು” ಅಂದಳು.

ಕೊನೆಗೂ ಈ ಫೆಬ್ರವರಿಯಲ್ಲಿ ಒಂದು ಗುರುವಾರ ರಜೆ ಹಾಕಿದೆ. ಗುರುವಾರವೇ ಯಾಕೆ ಅನ್ನೋದನ್ನು ಮುಂದೆ ಹೇಳ್ತೀನಿ. ಬುಧವಾರ ರಾತ್ರಿ ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಯ ಗಾಡಿಯಲ್ಲಿ ಸ್ಲೀಪರ್ ಹಿಡಿದೆ. ಹೋಗಿ ಬರೋದಕ್ಕೆ ಸೇರಿ ಐದುನೂರು ಚಿಲ್ಲರೆ. ಆ ಗಾಡಿ ಬ್ಯಾಡಗಿಯಲ್ಲಿ ನಿಲ್ಲದ ಕಾರಣ ರಾಣೆಬೆನ್ನೂರಿನಲ್ಲಿ ಇಳಿದು, ಚಹಾ, ಒಗ್ಗರಣೆ ಮಂಡಕ್ಕಿ, ಒಂದು ಮಿರ್ಚಿ ಮುಗಿಸಿದೆ. ಈ ಊರಿನ ಪಕ್ಕದಲ್ಲೇ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಇದೆ, 1974ರಲ್ಲಿ ಆಗಿದ್ದು. ಅದಕ್ಕೆ ಬೇರೆಯೇ ಒಂದು ದಿನ ಬೇಕು, ಬಿಟ್ಟೆ.

ಬೆಳಗಿನ ಪ್ಯಾಸೆಂಜರ್‌ಗೆ ಫೋನಿನಲ್ಲೇ ಟಿಕೆಟ್ ತೆಗೆಯುವಾಗ ಹಾವೇರಿಯ ಹೆಸರು ‘ಎಸ್‌ಎಂಎಂ ಹಾವೇರಿ’ ಅಂತ ಬರುತ್ತದೆ. ಎಷ್ಟೋ ಸಲ ನೋಡಿದ್ದೆ, ಏನು ಅಂತ ಯೋಚಿಸಿರಲಿಲ್ಲ. ಶ್ರೀ ಮೈಲಾರ ಮಹದೇವಪ್ಪನವರ ಹೆಸರದು. ನಮ್ಮ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನವರು. 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದ ಕನ್ನಡಿಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದಾಗ ಅವರಿಗೆ ಮೂವತ್ತೆರಡರ ಆಸುಪಾಸು. ಹೆಚ್ಚುಕಮ್ಮಿ ನನ್ನ ವಯಸ್ಸು.

ಬ್ಯಾಡಗಿ ಸ್ಟೇಷನ್ನಿನಲ್ಲಿ ಅವ್ವ ಇಳಕಲ್ ಸೀರೆ ಉಟ್ಟು, ಬುತ್ತಿ ಹಿಡಿದು ನಿಂತಿದ್ದಳು. ಹಾವೇರಿಗೆ ಹೋಗೋಕೆ ಬುತ್ತಿ! “ಪ್ರವಾಸ ಅಂದಿಯಲ್ಲ” ಅಂದಳು.

ಹಾವೇರಿಯಲ್ಲಿ ಇಳಿದು ಆಟೊ ಹಿಡಿದೆವು. ಪುರದ ಸಿದ್ದೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಕೆಲಸ ಶುರುವಾದದ್ದು 11ನೇ ಶತಮಾನದ ಕೊನೆಯಲ್ಲಿ ಅಂತ ಶಾಸನಗಳಿಂದ ತಿಳಿಯುತ್ತದೆ. ಅಂದರೆ ಪ್ರಾಗ್‌ನ ಸೇತುವೆಗಿಂತ ಇನ್ನೂರು ವರ್ಷಕ್ಕೂ ಹಳೆಯದು. ಇದನ್ನು ಹೇಳಿದಾಗ ಅವ್ವನಿಗೆ ಆಶ್ಚರ್ಯವೇನೂ ಆಗಲಿಲ್ಲ. “ನನಗ ಗೊತ್ತಿತ್ತು” ಅನ್ನೋ ಹಾಗೆ ನೋಡಿದಳು.

ಚಾಲುಕ್ಯರ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ, ಇದರ ಮುಖ ಮಾತ್ರ ಪಶ್ಚಿಮಕ್ಕೆ. ಈಗ ಇಲ್ಲಿ ನಡೆಯುವುದು ಶಿವನ ಪೂಜೆ. ಮೊದಲು ಯಾವ ದೇವರಿಗೆ ಕಟ್ಟಿದ್ದು ಅನ್ನುವುದರ ಬಗ್ಗೆ ಇತಿಹಾಸಕಾರರಲ್ಲಿ ಇನ್ನೂ ಒಮ್ಮತವಿಲ್ಲ. ನಾವು ಬೆಳಗ್ಗೆ ಹೋದದ್ದರಿಂದ ಬಿಸಿಲೆಲ್ಲ ಶಿಖರದ ಬೆನ್ನಿಗೆ ಬಿದ್ದಿತ್ತು. ಫೋಟೊ ಚೆನ್ನಾಗಿ ಬರಬೇಕು ಅನ್ನುವವರು ಸಂಜೆ ಹೋಗಿ. ಕಟ್ಟಿರುವುದು ಬಳಪದ ಕಲ್ಲಿನಲ್ಲಿ. ಒಳಗೆ ಬಿಡಿಬಿಡಿ ಮೂರ್ತಿಗಳು ಸುಮಾರಿವೆ: ಉಮಾಮಹೇಶ್ವರ, ಲಕ್ಷ್ಮಿ ಜೊತೆ ವಿಷ್ಣು, ಸೂರ್ಯ, ನಾಗ-ನಾಗಿಣಿ. ಅವ್ವ ಒಂದು ಕಂಬ ಸವರಿ, “ಬೆಣ್ಣಿ ಹಂಗ ಐತಿ ನೋಡೋ” ಅಂದಳು. ಆಮೇಲೆ ಮೊಣಕಾಲು ನೋವು ಅಂತ ನೆರಳಿನಲ್ಲಿ ಕೂತು, ಹನ್ನೊಂದು ಗಂಟೆಗೇ ಬುತ್ತಿ ಬಿಚ್ಚೋಣ ಅಂದಳು. ಗುಡಿಯ ಹೊರಗೆ ಹೋಗಿ ಜೋಳದ ರೊಟ್ಟಿ, ಕೆಂಪು ಚಟ್ನಿ ತಿಂದೆವು.

“ಹಾವೇರಿಗೆ ಎಷ್ಟು ಸಲ ಬಂದಿ ನೀ?” ಕೇಳಿದೆ. ಲೆಕ್ಕ ಹಾಕಿದಳು. ಜಿಲ್ಲಾ ಆಸ್ಪತ್ರೆಗೆ, ನನ್ನ ಸ್ಕಾಲರ್‌ಶಿಪ್ಪಿನ ಕಾಗದಕ್ಕೆ, ಸಾಲಕ್ಕೆ. “ಕೆಲಸ ಮುಗದ್ರ ಮುಂದಿನ ಗಾಡಿಗೆ ವಾಪಸ್. ಅರ್ಧಾ ದಿನ ಹೋದ್ರೂ ಅರ್ಧಾ ಪಗಾರ ಸಿಗತಿತ್ತಲ್ಲ.”

ಪಗಾರ ಅಂದರೆ ಮೆಣಸಿನಕಾಯಿ ತುಂಬು ಬಿಡಿಸಿದ್ದರ ಕೂಲಿ. ನೀವು ತೊಟ್ಟು ಅನ್ನೋದನ್ನು ನಮ್ಮಲ್ಲಿ ತುಂಬು ಅಂತೀವಿ. ಕಿಲೋ ಲೆಕ್ಕದಲ್ಲಿ ದುಡ್ಡು. ನಾನು ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ ಗೆಳೆಯರು ಮನೆಯಲ್ಲಿ ಏನು ಮಾಡ್ತಾರೆ ಅಂತ ಕೇಳಿದರೆ “ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬಿಸಿನೆಸ್” ಅಂತಿದ್ದೆ. ನಾಲ್ಕು ವರ್ಷ ಹಾಗೇ ನಡೆಸಿದೆ. ಅವ್ವನಿಗೆ ಇದು ಗೊತ್ತಿಲ್ಲ.

ಗುರುವಾರ ಆರಿಸಿಕೊಂಡಿದ್ದು ಬ್ಯಾಡಗಿ ಮಾರುಕಟ್ಟೆಗಾಗಿ. ಸೋಮವಾರ ಮತ್ತು ಗುರುವಾರ ಟೆಂಡರ್ ದಿನ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಸೀಸನ್ನು, ಒಂದೊಂದು ದಿನ ಲಕ್ಷಕ್ಕೂ ಹೆಚ್ಚು ಚೀಲ ಬರುತ್ತವೆ. ಮಧ್ಯಾಹ್ನ ಹಾವೇರಿಯಿಂದ ವಾಪಸ್ ಬಂದು ಎಪಿಎಂಸಿ ಗೇಟು ದಾಟಿದೆವೋ ಇಲ್ಲವೋ, ಘಾಟಿಗೆ ನನಗೆ ಸೀನು ಶುರು. ಕರ್ಚೀಫ್ ಮರೆಯಬೇಡಿ. ಅವ್ವ ಮಾತ್ರ ಒಮ್ಮೆಯೂ ಸೀನಲಿಲ್ಲ. ಎಲ್ಲಿ ನೋಡಿದರೂ ಬಾಯಿ ಬಿಚ್ಚಿದ ಚೀಲಗಳು, ಕೆಂಪೋ ಕೆಂಪು. ಉದ್ದಕ್ಕೆ ತೆಳ್ಳಗಿದ್ದರೆ ಕಡ್ಡಿ, ಗಿಡ್ಡಕ್ಕೆ ದಪ್ಪಗಿದ್ದರೆ ಡಬ್ಬಿ. ಖಾರ ಕಮ್ಮಿ, ಬಣ್ಣ ಜಾಸ್ತಿ. ಇದರಿಂದ ತೆಗೆಯುವ ಓಲಿಯೊರೆಸಿನ್ ಲಿಪ್‌ಸ್ಟಿಕ್, ನೇಲ್‌ಪಾಲಿಶ್‌ವರೆಗೂ ಹೋಗುತ್ತದೆ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಹೆಸರಿದೆ ಅಂತ ಬೆಲೆ ಸಿಕ್ಕೇ ಸಿಗುತ್ತದೆ ಅಂತಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ರೈತರ ಸಿಟ್ಟು ಇದೇ ಅಂಗಳದಲ್ಲಿ ಬೆಂಕಿಯಾಗಿತ್ತು.

ಅವ್ವ ಒಂದು ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ, “ಇದು ಇನ್ನೂ ಹಸಿ ಐತಿ, ಒಂದೆರಡು ಬಿಸಲು ಬೇಕು” ಅಂದಳು. ಚೀಲದ ಪಕ್ಕದಲ್ಲಿದ್ದ ರೈತರು ನಕ್ಕು, “ಹೌದು ಬೇ, ನಿಮಗ ಗೊತ್ತಾತು” ಅಂದರು. ಒಂದು ಅಂಗಡಿಯ ಮುಂದೆ ಹೆಂಗಸರು ರಾಶಿ ಸುತ್ತ ಕೂತು ತುಂಬು ಬಿಡಿಸುತ್ತಿದ್ದರು. ಇಬ್ಬರು ಗುರುತು ಹಿಡಿದು ಕರೆದರು. ಅವ್ವ ಹೋಗಿ ಕೂತಳು, ಮಾತಾಡುತ್ತಲೇ ಕೈ ತಾನಾಗಿ ಕೆಲಸಕ್ಕೆ ಹತ್ತಿತು. ನಾನು ಸ್ವಲ್ಪ ದೂರದಲ್ಲಿ ಫೋನ್ ಹಿಡಿದು ನಿಂತಿದ್ದೆ. “ನಿಮ್ಮ ಮಗ ಏನ್ರೀ? ಫಾರಿನ್‌ಗೆ ಹೋಗಿದ್ನಲ್ಲ?” ಅಂತ ಒಬ್ಬರು ಕೇಳಿದರು. “ಹೂಂ, ಹಳೇ ಸೇತುವಿ ನೋಡಾಕ ಹೋಗಿದ್ದ” ಅಂದಳು ಅವ್ವ. ಎಲ್ಲರೂ ನಕ್ಕರು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಹತ್ತು ನಿಮಿಷಕ್ಕೆ ಬೆರಳು ಉರಿಯೋಕೆ ಹತ್ತಿದವು. ಖಾರ ಕಮ್ಮಿ ಅಂತ ಮೇಲೆ ಬರೆದೆನಲ್ಲ, ಅದು ತಿನ್ನುವವರಿಗೆ.

ರಾತ್ರಿ ರಾಣೆಬೆನ್ನೂರಿನಿಂದ ವಾಪಸ್ ಗಾಡಿ. ಅವ್ವ ಕಟ್ಟಿಕೊಟ್ಟ ಒಂದು ಕಿಲೋ ಡಬ್ಬಿ ಮೆಣಸಿನಕಾಯಿ ಬ್ಯಾಗಿನಲ್ಲಿತ್ತು. ಗಾಡಿ ಹೊರಟು ಸ್ವಲ್ಪ ಹೊತ್ತಿಗೆ ಎದುರಿನ ಬರ್ತಿನವರು ಎರಡು ಸಲ ಸೀನಿ, “ಬ್ಯಾಡಗಿಯವ್ರೇನ್ರೀ?” ಅಂತ ಕೇಳಿದರು.

“ಹೌದ್ರಿ.”

“ಮನೀದು ಮೆಣಸಿನಕಾಯಿ ವ್ಯಾಪಾರೇನು?”

“ಇಲ್ರಿ. ನಮ್ಮವ್ವ ಅಲ್ಲೇ ತುಂಬು ಬಿಡಸ್ತಿದ್ಲು” ಅಂದೆ. ಅವರು ಇನ್ನೊಂದು ಸಲ ಸೀನಿದರು.