ಎಣ್ಣೆಯ ಕೆಳಗಿನ ಅಕ್ಷರ

ಹುತ್ತೂರು ಹೋಬಳಿಯ ಒಂದು ಹಳ್ಳಿಯಲ್ಲಿ, ಕೆರೆಯ ಏರಿಯ ಮೇಲೆ, ತೂಬಿನಿಂದ ಹತ್ತು ಮಾರು ದೂರದಲ್ಲಿ ಒಂದು ವೀರಗಲ್ಲು ಇದೆ. ಎದೆಯೆತ್ತರದ ಕಲ್ಲು. ಊರವರಿಗೆ ಅದು ವೀರಪ್ಪ. ಯಾವ ವೀರ, ಯಾರ ಕೂಡೆ ಕಾದಿದ, ಯಾವ ಕಾಲದಲ್ಲಿ ಮಡಿದ ಎಂಬುದನ್ನು ಹೇಳಬಲ್ಲವರು ಊರಿನಲ್ಲಿ ಒಬ್ಬರೂ ಇಲ್ಲ. ಏರಿಯ ಕೆಳಗಿನ ಗದ್ದೆಯ ಒಡೆಯರಾದ ಒಂದು ಮನೆತನದವರು ಮಾತ್ರ ಪ್ರತಿ ಸೋಮವಾರ ಆ ಕಲ್ಲಿಗೆ ಎಣ್ಣೆ ಹಚ್ಚಿ, ಕುಂಕುಮವಿಟ್ಟು, ದೀಪ ಬೆಳಗಿದ ಮೇಲೆಯೇ ಊಟಕ್ಕೆ ಕೂರುವರು. ಏಕೆಂದು ಕೇಳಿದರೆ ದೊರೆಯುತ್ತಿದ್ದ ಉತ್ತರ ಒಂದೇ: “ನಮ್ಮಪ್ಪ ಮಾಡುತ್ತಿದ್ದರು.” ಎಷ್ಟು ತಲೆಮಾರಿನ ಎಣ್ಣೆಯೋ ಏನೋ, ಕಲ್ಲಿನ ಮೈಮೇಲೆ ಬೆರಳ ದಪ್ಪದ ಕರಿಯ ಪೊರೆ ಕಟ್ಟಿ, ಕತ್ತಿ ಹಿಡಿದ ಕೈಯೊಂದನ್ನು ಬಿಟ್ಟರೆ ಮಿಕ್ಕುದೆಲ್ಲ ಮುಚ್ಚಿಹೋಗಿದ್ದಿತು.

ಕೋಲಾರದ ಸೀಮೆಯಲ್ಲಿ ಇಂತಹ ಕಲ್ಲುಗಳು ಅಪರೂಪವಲ್ಲ. ಗಂಗರು ತಮ್ಮನ್ನು ಕುವಳಾಲಪುರದ ಒಡೆಯರೆಂದು ಕರೆದುಕೊಂಡ ನೆಲ ಇದು. ಆ ಕುವಳಾಲವೇ ಇಂದಿನ ಕೋಲಾರ. ಗಂಗರು, ಬಾಣರು, ನೊಳಂಬರು, ಅವರ ಬಳಿಕ ಚೋಳರು, ಹೀಗೆ ಒಬ್ಬರ ಗಡಿ ಮತ್ತೊಬ್ಬರ ಗಡಿಗೆ ತಾಗಿದ ಎಡೆಯಲ್ಲಿ ದನಕರುಗಳಿಗಾಗಿಯೇ ಎಷ್ಟೋ ಕಾಳಗಗಳು ನಡೆದವು. ಶತ್ರುಗಳು ಹೊಡೆದುಕೊಂಡು ಹೊರಟ ಊರ ತುರುಗಳನ್ನು ಮರಳಿ ತರಲು ಹೋಗಿ ಬಿದ್ದವನಿಗೆ ಊರವರು ಒಂದು ಕಲ್ಲು ನೆಟ್ಟರು. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ ಇಡಿಯಾಗಿ ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲು. ದೊರೆಗಳ ದಾನದತ್ತಿಗಳ ನಡುವೆ, ದನ ಕಾಯುತ್ತ ಸತ್ತವರ ಹೆಸರುಗಳೂ ಅದರಲ್ಲಿವೆ.

ತೊಡಕು ಬಂದುದು ನೀರಿನಿಂದ. ಬೆಂಗಳೂರಿನ ಬಳಕೆಯ ನೀರನ್ನು ಶುದ್ಧಗೊಳಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ. ಸಿ. ವ್ಯಾಲಿ ಯೋಜನೆ 2018ರಲ್ಲಿ ಮೊದಲಾಯಿತಷ್ಟೆ. ಸುತ್ತಿನ ಕೆರೆಗಳು ಒಂದೊಂದಾಗಿ ತುಂಬಿದವು. ಬತ್ತಿದ ಬಾವಿಗಳಲ್ಲಿ ಮತ್ತೆ ನೀರು ಕಾಣಿಸಿತು. ತೋಟಗಳಲ್ಲಿ ಟೊಮೇಟೊ ಹೆಚ್ಚಿತು. ಟೊಮೇಟೊ ಹೊತ್ತ ಲಾರಿಗಳಿಗೆ ಏರಿಯ ದಾರಿ ಸಾಲದಾಯಿತು. ದಾರಿಯನ್ನು ಅಗಲ ಮಾಡಬೇಕೆಂದು ಎಲ್ಲರೂ ಒಪ್ಪಿದರು. ಅಳತೆಗೆ ಬಂದವರು ಸುಣ್ಣದ ಗೆರೆ ಎಳೆದಾಗ ವೀರಪ್ಪ ಗೆರೆಯ ಒಳಗೆ ನಿಂತಿದ್ದ.

ಆ ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದ ವಯಸ್ಸು. ಮಗ ಬೆಂಗಳೂರಿನಲ್ಲಿ ಉದ್ಯೋಗಿ, ವಿಚಾರವಂತ. ಕಲ್ಲನ್ನು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸುವುದೇ ಲೇಸೆಂದು ಅವನು ಹೇಳಿದ. ನೆರೆಯ ಊರಿನ ಇಂತಹುದೇ ಒಂದು ಕಲ್ಲು ಬಟ್ಟೆ ಒಗೆಯುವ ಚಪ್ಪಡಿಯಾದುದನ್ನು ಅವನು ಕಣ್ಣಾರೆ ಕಂಡಿದ್ದ. ಅರ್ಜಿಯನ್ನೂ ಬರೆದು ತಂದ. ಹಿರಿಯರು ಅದನ್ನು ಓದಿಸಿ ಕೇಳಿದರು. ಸಹಿ ಮಾಡಲಿಲ್ಲ.

“ಹೆಣ್ಣು ಕೊಡುವ ಮೊದಲು ಮನೆ ನೋಡುವುದಿಲ್ಲವೇನಪ್ಪಾ? ಆ ಬಂಗಲೆಯನ್ನು ಒಮ್ಮೆ ತೋರಿಸು,” ಎಂದರು.

ಹೀಗಾಗಿ ಮಾಗಿಯ ಒಂದು ಭಾನುವಾರ ಅಜ್ಜ, ಮಗ, ಹನ್ನೆರಡು ವರ್ಷದ ಮೊಮ್ಮಗ, ಮೂವರೂ ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ, ಕಬ್ಬನ್ ಪಾರ್ಕಿನ ಅಂಚಿನ ಆ ಕೆಂಪು ಕಟ್ಟಡದ ಮುಂದೆ ನಿಂತರು. 1865ರಲ್ಲಿ, ವೈದ್ಯರಾಗಿದ್ದ ಎಡ್ವರ್ಡ್ ಬಾಲ್ಫರ್ ಅವರ ಪ್ರಯತ್ನದಿಂದ ಆರಂಭವಾದ ಸಂಗ್ರಹಾಲಯ ಇದು. ಮೊದಲು ದಂಡಿನ ಪ್ರದೇಶದ ಹಳೆಯ ಸೆರೆಮನೆಯೊಂದರಲ್ಲಿ ಇದ್ದು, ಆ ಬೀದಿಗೆ ಮ್ಯೂಸಿಯಂ ರಸ್ತೆ ಎಂಬ ಹೆಸರನ್ನು ಉಳಿಸಿ, ಸ್ಯಾಂಕಿಯವರು ರೂಪಿಸಿದ ಈ ಕಟ್ಟಡಕ್ಕೆ ಬಂದಿತು. ಹಿಂದೆ ಜನ ಇದನ್ನು ‘ತಮಾಷೆ ಬಂಗಲೆ’ ಎನ್ನುತ್ತಿದ್ದರಂತೆ. ತಮಾಷೆ ಎಂದರೆ ಅಂದಿನವರಿಗೆ ನಗೆಯಲ್ಲ, ಬೆರಗಿನಿಂದ ನೋಡತಕ್ಕ ವಸ್ತು. ಒಳಗೆ ಹೋಗುವಾಗ ಹಿರಿಯರು ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಟ್ಟರು. “ಬೇಕಿಲ್ಲ ತಾತ,” ಎಂದ ಮೊಮ್ಮಗ. “ಇರಲಿ ಬಿಡು,” ಎಂದರು.

ನಾಣ್ಯ, ಮಡಕೆ, ಆಯುಧಗಳ ಮುಂದೆ ಅವರು ನಿಲ್ಲಲಿಲ್ಲ. ಕಾಲು ನಿಂತುದು ಬೇಗೂರಿನ ಕಲ್ಲಿನ ಮುಂದೆ. ಗಂಗ ಎರೆಯಪ್ಪನ ಕಡೆಯ ನಾಗತ್ತರನೆಂಬ ವೀರ, ವೀರಮಹೇಂದ್ರನ ಮೇಲಿನ ಕಾಳಗದಲ್ಲಿ ತುಂಬೆಪಾಡಿಯಲ್ಲಿ ಮಡಿದುದರ ನೆನಪಿಗೆ ನೆಟ್ಟ ಕಲ್ಲದು. ಒಂದೇ ಬಂಡೆಯ ಮೇಲೆ ಆನೆ, ಕುದುರೆ, ಕಾಲಾಳು, ಉರುಳಿದ ಹೆಣ. ಕಲ್ಲುಕುಟಿಗನಿಗೆ ಜಾಗ ಸಾಲದೆ ಹೋಗಿ, ಕದನದ ನುಗ್ಗಾಟವೇ ಚಿತ್ರದ ನುಗ್ಗಾಟವಾಗಿದೆ. ಅದರ ಮುಂದೆ ಕಾಲು ಗಂಟೆ ನಿಂತ ಹಿರಿಯರು ಹೇಳಿದ್ದು ಇಷ್ಟೆ: “ಹೆಸರಿದೆ.”

ಅಲ್ಲಿಂದ ಮುಂದೆ ಆತಕೂರಿನ ಕಲ್ಲು. ಇದರ ಕಥೆ ಕನ್ನಡಿಗರೆಲ್ಲರೂ ತಿಳಿದಿರಬೇಕಾದುದು. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ ನಡೆದು ಚೋಳ ರಾಜಾದಿತ್ಯ ಮಡಿದ. ಕೃಷ್ಣನ ಪಕ್ಷದಲ್ಲಿದ್ದ ಗಂಗ ಬೂತುಗನು ತನ್ನ ಸೇವಕ ಮಣಲೆರನ ಪರಾಕ್ರಮವನ್ನು ಮೆಚ್ಚಿ, ಬೇಕಾದುದನ್ನು ಬೇಡು ಎಂದ. ಊರನ್ನು ಬೇಡಬಹುದಿತ್ತು, ಹೊನ್ನನ್ನು ಬೇಡಬಹುದಿತ್ತು. ಮಣಲೆರ ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು! ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಜತೆಗೇ ಸತ್ತವು. ಮಣಲೆರ ನಾಯಿಗಾಗಿ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡಿಸಿದ. ಕಲ್ಲಿನ ತಲೆಯಲ್ಲಿ ನಾಯಿ ಹಂದಿಗಳ ಹೋರಾಟದ ಚಿತ್ರ ಇಂದಿಗೂ ಇದೆ. ಹುಡುಗ ಅದನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದ.

ಮಗ ಎಲ್ಲಿಯೋ ಓದಿ ತಿಳಿದಿದ್ದ ಮತ್ತೊಂದು ಸಂಗತಿಯನ್ನು ಹೇಳಿದ. ಭೂಮಿಯನ್ನು ಅನುಭವಿಸುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುವನೆಂದು ಆ ಶಾಸನದಲ್ಲಿಯೇ ಕಟ್ಟುಮಾಡಿದೆ, ಎಂದ.

ಹಿರಿಯರು ತಿರುಗಿದರು. “ಏನೆಂದೆ? ಪೂಜೆ ಮಾಡದೆ ಊಟ ಮಾಡಬಾರದು ಎಂದೆಯಾ?”

“ಹೌದಪ್ಪ.”

ತಮ್ಮ ಮನೆಯ ಸೋಮವಾರದ ನೇಮಕ್ಕೆ ಸಾವಿರ ವರ್ಷದ ಹಿಂದಿನ ಸಾಕ್ಷಿಯೊಂದು, ಕಾವೇರಿ ಸೀಮೆಯ ಯಾವುದೋ ನಾಯಿಯ ಕಲ್ಲಿನಿಂದ, ಹೀಗೆ ಬಂದು ಎದುರು ನಿಲ್ಲಬಹುದೆಂದು ಅವರೆಣಿಸಿರಲಿಲ್ಲ. ಕಾವಲಿನವನ ಬಳಿಗೆ ಹೋಗಿ, “ಏನಪ್ಪಾ, ಇದಕ್ಕೆ ಈಗ ಪೂಜೆ ಯಾರು ಮಾಡುತ್ತಾರೆ?” ಎಂದು ಕೇಳಿದರು. ಅವನು ಒಳ್ಳೆಯವನು, ನಗಲಿಲ್ಲ. “ಇಲ್ಲಿ ಪೂಜೆ ಇಲ್ಲ ಯಜಮಾನರೇ. ಬೆಳಗ್ಗೆ ಬಟ್ಟೆಯಲ್ಲಿ ಧೂಳು ಒರೆಸುತ್ತೇವೆ,” ಎಂದ.

ಈ ಪ್ರಶ್ನೆ ಒಬ್ಬ ಹಳ್ಳಿಗರದು ಮಾತ್ರವೆಂದು ತಿಳಿಯಬೇಕಾಗಿಲ್ಲ. ಶಾಂತಸಾಗರದ ಈಸ್ಟರ್ ದ್ವೀಪದಿಂದ 1868ರಲ್ಲಿ ಇಂಗ್ಲಿಷರ ಹಡಗೊಂದು ಹೊತ್ತೊಯ್ದ ಕಲ್ಲಿನ ಮೂರ್ತಿಯೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 2018ರಲ್ಲಿ ಆ ದ್ವೀಪದವರು ಅಲ್ಲಿಗೆ ಹೋಗಿ, ಅದು ತಮ್ಮ ಹಿರಿಯರ ಚೈತನ್ಯ, ತಮಗೆ ಮರಳಿ ಬೇಕು ಎಂದು ಕೇಳಿದರು. ಇತ್ತ ಸಂಗ್ರಹಾಲಯದವರನ್ನು ದೂರುವುದೂ ಸುಲಭವಲ್ಲ. ಧೂಳು ಒರೆಸುವ ಆ ಬಟ್ಟೆ ಇಲ್ಲದಿದ್ದರೆ ಕಾಳಿಯ ಹೆಸರು ನಮಗೆ ಉಳಿಯುತ್ತಿತ್ತೆ, ಇಲ್ಲವೆ ಯಾವುದೋ ಹಿತ್ತಿಲಲ್ಲಿ ಸಾಬೂನಿನ ನೊರೆಯಲ್ಲಿ ಅಳಿದುಹೋಗುತ್ತಿತ್ತೆ?

ಹೊರಡುವ ಮುನ್ನ ಹುಡುಗ ಒಂದು ಮಾತು ಕೇಳಿದ: “ತಾತ, ಈ ಕಲ್ಲುಗಳ ಮೇಲೆಲ್ಲ ಅಕ್ಷರ ಇವೆ. ನಮ್ಮ ವೀರಪ್ಪನ ಮೇಲೆ ಯಾಕಿಲ್ಲ?”

ಹಿರಿಯರು ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿ ಹೊಸಕೋಟೆ ದಾಟುವವರೆಗೂ ಸುಮ್ಮನೆ ಕುಳಿತಿದ್ದವರು ಒಮ್ಮೆಗೇ, “ಇಲ್ಲವೆಂದು ಯಾರು ಹೇಳಿದರು? ನಾವೇ ಮೆತ್ತಿ ಮುಚ್ಚಿದ್ದೇವೆ,” ಎಂದರು. ಅವರ ದನಿಯಲ್ಲಿ ನಾಚಿಕೆ ಇದ್ದಿತು.

ಮರುದಿನವೇ ಸೋಮವಾರ. ಬೆಳಗ್ಗೆ ಏರಿಯ ಮೇಲೆ ಎರಡು ಹಂಡೆ ಬಿಸಿನೀರು, ಒಂದು ಮೊರದ ತುಂಬ ಸೀಗೆಪುಡಿ ಬಂದವು. ಕಬ್ಬಿಣವನ್ನು ತಾಗಿಸಕೂಡದೆಂದು ಹಿರಿಯರ ಆಜ್ಞೆ. ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ಎಣ್ಣೆ ಬಿಡಿಸಿದರು. ಯುಗಾದಿಯ ಅಭ್ಯಂಜನವೇ ಸರಿ ಎಂದು ನೋಡಲು ಬಂದವರು ನಕ್ಕರು. ಮನೆಯ ಹಿರಿಯಾಕೆ ಮಾತ್ರ ನಗಲಿಲ್ಲ. “ದೇವರ ಮೈಯ ಎಣ್ಣೆ ತೆಗೆಯುತ್ತಾರೇನು? ಬರಿಗಲ್ಲಿಗೆ ಕೈ ಮುಗಿಯಬೇಕೆ?” ಎಂದು ದೂರ ನಿಂತರು.

ಮೂರನೆಯ ಹಂಡೆಗೆ ಕತ್ತಿಯ ಕೆಳಗೆ ಹಸುವಿನ ಬೆನ್ನೊಂದು ಕಂಡಿತು. ಬಳಿಕ ಇನ್ನೊಂದು. ಅದರ ಮೇಲಣ ಪಟ್ಟಿಯಲ್ಲಿ, ಸವೆದು ಸವೆದು, ಮೂರು ಸಾಲು ಅಕ್ಷರ. ಮೊಮ್ಮಗ ನೆಲದಲ್ಲಿ ಮಂಡಿಯೂರಿ ಬೆರಳಾಡಿಸಿದ. ಕನ್ನಡವೇ ಹೌದು, ಆದರೆ ಅವನ ಪುಸ್ತಕದ ಕನ್ನಡವಲ್ಲ. ಎರಡೇ ಅಕ್ಷರ ಗುರುತು ಸಿಕ್ಕಿದವು. ಮಿಕ್ಕುವನ್ನು ಕಂಡಹಾಗೆಯೇ ನೋಟ್‌ಬುಕ್ಕಿನಲ್ಲಿ ತಿದ್ದಿಕೊಂಡ, ಬಲ್ಲವರಿಗೆ ತೋರಿಸಲೆಂದು. ಆಗ ಹಿರಿಯಾಕೆಯೂ ಹತ್ತಿರ ಬಂದು ಹಸುಗಳನ್ನು ನೋಡಿದರು. “ಹಾಲು ಕರೆಯುವ ಹಸು,” ಎಂದು ಮೆಲ್ಲನೆ ಹೇಳಿ ಸೆರಗಿನಿಂದ ಕಲ್ಲಿನ ನೀರೊರೆಸಿದರು.

ಯಂತ್ರ ಬರುವ ಮೊದಲೇ ಊರ ಹುಡುಗರು ಹಗ್ಗ ಹಾಕಿ ವೀರಪ್ಪನನ್ನು ಗೆರೆಯಿಂದ ಆಚೆಗೆ, ಹೊಂಗೆಮರದ ಬುಡಕ್ಕೆ ಸರಿಸಿ ನೆಟ್ಟಗೆ ನಿಲ್ಲಿಸಿದರು. ಎಣ್ಣೆಯ ವಿಷಯದಲ್ಲಿ ಗಂಡಹೆಂಡಿರ ನಡುವೆ ಒಂದು ವಾರ ವಾದವಾಗಿ, ಕೊನೆಗೆ ಕಲ್ಲಿನ ಮುಂದೆ ಬೇರೊಂದು ಪುಟ್ಟ ಗುಂಡುಗಲ್ಲನ್ನಿಟ್ಟು ಎಣ್ಣೆಯೆಲ್ಲ ಅದಕ್ಕೆ, ವೀರಪ್ಪನಿಗೆ ನೀರು ಹೂವು ಮಾತ್ರ ಎಂದು ತೀರ್ಮಾನವಾಯಿತು. ದೀಪವನ್ನೂ ಮಸಿ ತಾಗದಷ್ಟು ದೂರ ಇಟ್ಟರು. ಸಹಿಯಾಗದ ಅರ್ಜಿ ಮನೆಯ ಪೆಟ್ಟಿಗೆಯಲ್ಲಿ ಪಹಣಿ ಪತ್ರಗಳ ಜತೆಗಿದೆ. ಹರಿದುಹಾಕಬೇಡವೆಂದು ಹಿರಿಯರೇ ಹೇಳಿದ್ದಾರೆ. ಕಲ್ಲನ್ನು ತೊಳೆದ ಆ ಸೋಮವಾರ ಪೂಜೆ ಮುಗಿದು ಮನೆಯವರು ಊಟಕ್ಕೆ ಕೂತಾಗ ಗಂಟೆ ಮೂರಾಗಿದ್ದಿತು.