ಮೂಕಪ್ರಾಣಿಯ ಪಾದ, ಶ್ರಾವಕನ ಎಚ್ಚರ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬೇಸಿಗೆಯ ಮಧ್ಯಾಹ್ನ ಬರಿಗಾಲಿನಲ್ಲಿ ಹತ್ತಿದವರಿಗೆ ಕಾದ ಕಲ್ಲಿನ ಬಿಸಿ ಎಂಥದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಯಾತ್ರಿಕನು ಆ ಬಿಸಿಯನ್ನು ಒಂದು ಹೊತ್ತು ಸಹಿಸುತ್ತಾನೆ. ನಾಯಿಯಾದರೋ ಜೀವಮಾನವಿಡೀ ಬರಿಗಾಲಿನಲ್ಲಿರುವ ಪ್ರಾಣಿ. ಅದೇ ತಾಲ್ಲೂಕಿನ ಚನ್ನರಾಯಪಟ್ಟಣದ ಜೈನ ವರ್ತಕರೊಬ್ಬರ ಮನೆಯವರಿಗೆ ಈ ಸಣ್ಣ ಸತ್ಯ ಹೊಳೆದುದು ತಡವಾಗಿ.

ಅವರ ಕೊಬ್ಬರಿ ಮಂಡಿಯ ಬಾಗಿಲಲ್ಲಿ ಬೀದಿನಾಯಿಯೊಂದು ಆಶ್ರಯ ಪಡೆದಿತ್ತು. ಎರಡು ಹೊತ್ತು ಅನ್ನ ಹಾಕಿದರೆ ಕರ್ತವ್ಯ ತೀರಿತೆಂದು ಮನೆಯವರು ಭಾವಿಸಿದ್ದರು. ಹಗಲೆಲ್ಲ ಅದನ್ನು ಸಿಮೆಂಟಿನ ಅಂಗಳದಲ್ಲಿ ಕಟ್ಟುತ್ತಿದ್ದರು. ಒಂದು ಬೇಸಿಗೆಯಲ್ಲಿ ಅಂಗಾಲು ಸುಟ್ಟು ಬಿರಿಯಿತು, ನಾಯಿ ಕುಂಟತೊಡಗಿತು. ಯಾರೂ ಬಗ್ಗಿ ನೋಡಲಿಲ್ಲ. ವಾರದೊಳಗೆ ಗಾಯದ ಮೇಲೆ ನೊಣ ಕುಳಿತು ಹುಳು ಬಿದ್ದವು.

ಆಗ ಧರ್ಮಸಂಕಟ ಎದುರಾಯಿತು. ಹುಳುಗಳೂ ಜೀವಗಳಲ್ಲವೆ ಎಂದು ಯಜಮಾನರು ಒಂದು ರಾತ್ರಿಯೆಲ್ಲ ಹಿಂಜರಿದರು. ಬೆಳಗಿನ ಪೂಜೆಗೆ ಹೊರಟಿದ್ದ ಅವರ ವೃದ್ಧ ತಾಯಿ, “ಮಗೂ, ಹುಳು ಬಿದ್ದಮೇಲೆ ಅಹಿಂಸೆಯನ್ನು ನೆನೆಯುತ್ತಿದ್ದೀಯೆ. ಅಂಗಾಲು ಬಿರಿದ ದಿನ ನೆನೆದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ” ಎಂದರು. ನಾಯಿಯನ್ನು ಪಶು ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು, ಒಂದು ಬೆರಳು ಉಳಿಯಲಿಲ್ಲ. ಹುಳುಗಳೂ ಸತ್ತವು. ಯಜಮಾನರು ಅದನ್ನು ಹಿಂಸೆಯಲ್ಲವೆಂದು ಸಮರ್ಥಿಸಲಿಲ್ಲ. ತಮ್ಮ ಪ್ರಮಾದದ ಫಲವೆಂದೇ ಒಪ್ಪಿಕೊಂಡರು.

ಪ್ರಮಾದದಿಂದಾಗುವ ಪ್ರಾಣಘಾತವನ್ನೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ನಿರೂಪಿಸಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವೇ ಮೊದಲನೆಯದು. ಅನ್ನವಿಕ್ಕಿದ ಕೈಯೇ ಕಾದ ನೆಲದಲ್ಲಿ ಕಟ್ಟಿದ್ದನ್ನು ಆ ಮನೆಯವರು ಅಂದು ಅರಿತರು.

ಅಂದಿನಿಂದ ಅವರು ಒಂದು ನಿಯಮ ಹಿಡಿದರು. ಸೂರ್ಯಾಸ್ತಕ್ಕೆ ಮುನ್ನ ತಾವು ಉಣ್ಣುವ ಮೊದಲು ನಾಯಿಯ ಪಾದಗಳನ್ನು ನೋಡಬೇಕು. ಸೋಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೆರಳ ಸಂದುಗಳನ್ನು ಹತ್ತಿಬಟ್ಟೆಯಿಂದ ಒರೆಸಿ ಒಣಗಿಸಬೇಕು. ಸಂದಿನಲ್ಲಿ ತೇವ ನಿಂತರೆ ಚರ್ಮ ಕೆಡುತ್ತದೆ. ಹೊಳೆನರಸೀಪುರ, ಅರಕಲಗೂಡುಗಳ ಗದ್ದೆಬಯಲಿನ ಮನೆಗಳಲ್ಲಿ ಮಳೆಗಾಲದ ಕೆಸರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮುಳ್ಳು, ಗಾಜಿನ ಚೂರು, ಉಣ್ಣೆ ಇವೆಯೇ ಎಂದು ಪರೀಕ್ಷಿಸಬೇಕು. ಅಂಗೈಯ ಹಿಂಬದಿಯನ್ನು ನೆಲಕ್ಕಿಟ್ಟು ಏಳು ಸೆಕೆಂಡು ತಾಳಲಾಗದಿದ್ದರೆ ಆ ನೆಲ ನಾಯಿಗೂ ಸಲ್ಲದು. ಉಗುರಿನ ತುದಿಯನ್ನಷ್ಟೇ ಕತ್ತರಿಸಬೇಕು. ಒಳಗೆ ರಕ್ತವೂ ನರವೂ ಇರುವ ಜೀವಭಾಗವಿದೆ. ನಾಯಿ ಪಾದವನ್ನು ನೆಕ್ಕುವುದರಿಂದ ಫಿನಾಯಿಲನ್ನಾಗಲಿ ಮನುಷ್ಯರ ಮುಲಾಮನ್ನಾಗಲಿ ಹಚ್ಚಬಾರದು. ಊತ, ಕೀವು, ಕುಂಟು ಕಂಡರೆ ವೈದ್ಯರಲ್ಲಿಗೆ ಒಯ್ಯಬೇಕು. ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ. ನೋವಿನಲ್ಲಿರುವ ನಾಯಿ ಕಚ್ಚಬಹುದು. ರೇಬೀಸ್ ಲಸಿಕೆಯನ್ನು ಮರೆಯಲಾಗದು.

ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರ ಮಂತ್ರವನ್ನು ಹೇಳಿದ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. 1424ರಲ್ಲಿ ಭಾಸ್ಕರ ಕವಿ ಅದನ್ನು ಕನ್ನಡಕ್ಕೆ ತಂದನು. ಆ ನಾಯಿ ಯಕ್ಷನಾಗಿ ಹುಟ್ಟಿತು. ಜೀವಂಧರನು ಬರುವ ವೇಳೆಗೆ ಅನ್ಯರ ಹೊಡೆತದಿಂದ ಅದರ ದೇಹ ಜರ್ಜರವಾಗಿತ್ತು; ಅವನ ಪಾಲಿಗೆ ಉಳಿದಿದ್ದುದು ಮಂತ್ರವೊಂದೇ. ನಮ್ಮ ಬಾಗಿಲ ನಾಯಿಯಾದರೋ ಇನ್ನೂ ಬದುಕಿದೆ, ನಡೆಯುತ್ತಿದೆ. ಕಿವಿಗೆ ಮಂತ್ರ ಹೇಳುವ ಗಳಿಗೆ ಬರುವ ಮುನ್ನ ಅದರ ಕಾಲಿನ ಕಡೆಗೆ ಕಣ್ಣು ಹಾಯಿಸುವುದು ಶ್ರಾವಕನಿಗೆ ಸಾಧ್ಯವಿದೆ. ಅದಕ್ಕೆ ಒಂದು ಚೊಂಬು ನೀರು, ಒಂದು ತುಂಡು ಬಟ್ಟೆ, ಸ್ವಲ್ಪ ಬಗ್ಗುವ ಮನಸ್ಸು ಸಾಕು.