ನಿಲಂಬೂರಿನ ತೇಗದ ತೋಪು

ಮೈಸೂರಿನಿಂದ ಗುಂಡ್ಲುಪೇಟೆ, ಗೂಡಲೂರುಗಳನ್ನು ದಾಟಿ ನಾಡುಕಾಣಿ ಘಟ್ಟವನ್ನಿಳಿದರೆ ಕೇರಳದ ನಿಲಂಬೂರು ಸಿಕ್ಕುತ್ತದೆ. ಊರಿಗೆ ಸಮೀಪದಲ್ಲಿ, ಚಾಲಿಯಾರ್ ನದಿಯ ತಡಿಯಲ್ಲಿ, ಕಾನಲಿ ತೋಪೆಂಬ ಪುಟ್ಟ ತೇಗದ ವನವಿದೆ. ವಿಸ್ತಾರ 2.31 ಹೆಕ್ಟೇರು ಮಾತ್ರ. ಆದರೆ ಮನುಷ್ಯನು ನೆಟ್ಟು ಬೆಳೆಸಿದ ತೇಗದ ತೋಪುಗಳಲ್ಲಿ ಇದೇ ಜಗತ್ತಿನಲ್ಲಿ ಅತ್ಯಂತ ಹಳೆಯದೆಂದು ಪ್ರಸಿದ್ಧಿ.

ಹಡಗು ಕಟ್ಟುವುದಕ್ಕೆಂದು ಕಾಡಿನ ತೇಗವೆಲ್ಲ ಕೊಡಲಿಗೆ ತುತ್ತಾಗುತ್ತಿದ್ದ ಕಾಲದಲ್ಲಿ, ಮಲಬಾರಿನ ಕಲೆಕ್ಟರನಾಗಿದ್ದ ಎಚ್. ವಿ. ಕಾನಲಿ ತೇಗವನ್ನು ನೆಟ್ಟು ಬೆಳೆಸಲು ನಿಶ್ಚಯಿಸಿದನು. ಮೊದಮೊದಲು ಬೀಜಗಳು ಮೊಳೆಯಲೊಲ್ಲವು. ಕಡೆಗೆ ಚಾತು ಮೇನೋನರ ಆರೈಕೆಯಲ್ಲಿ ಸಸಿಗಳು ಕೈಹತ್ತಿದವು. ಇಂದು ಉಳಿದಿರುವ ಮರಗಳು 1846ರಲ್ಲಿ ನೆಟ್ಟವು. ಕತ್ತೆತ್ತಿ ನೋಡಿದರೆ ನೆತ್ತಿಯೆಲ್ಲಿದೆಯೆಂದು ಕಣ್ಣಿಗೆ ಸುಲಭವಾಗಿ ನಿಲುಕದು.

ಹಡಗಿಗೆಂದು ನೆಟ್ಟ ಮರಗಳಿಗೆ ಈಗ ಇನ್ನೊಂದು ಬೆಲೆ ಬಂದಿದೆ. ಗಾಳಿಯ ಇಂಗಾಲವನ್ನು ಹೀರಿ ಒಡಲಿನಲ್ಲಿ ಬಚ್ಚಿಟ್ಟುಕೊಳ್ಳುವ ಕಣಜಗಳಲ್ಲವೆ ಇವು? ಮರವನ್ನು ಕಡಿಯದೆಯೇ ಈ ಕಣಜವನ್ನು ಅಳೆಯುವ ಉಪಾಯ ಸೊಗಸಾಗಿದೆ. ನೆಲದಿಂದ 1.37 ಮೀಟರು ಎತ್ತರದಲ್ಲಿ ಕಾಂಡದ ಸುತ್ತಳತೆಯನ್ನೂ, ಬಳಿಕ ಮರದ ಎತ್ತರವನ್ನೂ ಗುರುತಿಸುತ್ತಾರೆ. ಹಿಂದೆ ಕಡಿದು ತೂಗಿದ ಮರಗಳಿಂದ ಸಿದ್ಧವಾದ ಸೂತ್ರಕ್ಕೆ ಈ ಅಳತೆಗಳನ್ನು ಹಚ್ಚಿದರೆ ಒಣತೂಕ ದೊರೆಯುತ್ತದೆ. ಅದರಲ್ಲಿ ಸುಮಾರು ಅರ್ಧಭಾಗ ಇಂಗಾಲ. 1,000 ಕಿಲೋ ಒಣಮರದಲ್ಲಿ 500 ಕಿಲೋ ಇಂಗಾಲವಿದೆಯೆಂದರೆ, ಮರವು ಗಾಳಿಯಿಂದ ಸುಮಾರು 1,830 ಕಿಲೋ ಇಂಗಾಲದ ಡೈ ಆಕ್ಸೈಡನ್ನು ಸೆಳೆದಿದೆಯೆಂದು ಅರ್ಥ.

ನಾಳಿನ ಬೆಳವಣಿಗೆಯನ್ನು ಇಂದೇ ಹೇಳಲು ಲೆಕ್ಕದ ಮಾದರಿಗಳಿವೆ. ಭಾರತ ಮತ್ತು ಬರ್ಮಾದ ತೇಗದ ತೋಪುಗಳಿಗೆ 1940ರಲ್ಲಿಯೇ ಇಳುವರಿ ಕೋಷ್ಟಕಗಳು ಪ್ರಕಟವಾಗಿದ್ದವು. ನೆಲದ ಸತ್ತ್ವ ಮತ್ತು ತೋಪಿನ ವಯಸ್ಸು ತಿಳಿದರೆ ಎಷ್ಟು ಮರ ದೊರೆಯಬಹುದೆಂದು ಅವು ಹೇಳುತ್ತವೆ. ಎಳೆಯ ತೋಪು ಮೊದಲು ನಿಧಾನವಾಗಿ, ಅನಂತರ ಭರದಿಂದ, ಮುಪ್ಪಿನಲ್ಲಿ ಮತ್ತೆ ಮೆಲ್ಲಗೆ ಬೆಳೆಯುತ್ತದೆ.

ತೊಡಕಿರುವುದು ಇಲ್ಲಿಯೇ. ವರ್ಷದ ಬೆಳವಣಿಗೆಯೊಂದನ್ನೇ ನೋಡುವವನಿಗೆ ಮುದಿತೋಪು ದಂಡವೆನಿಸೀತು. ಕಡಿದು ಹೊಸ ಸಸಿ ನೆಡುವುದೇ ಲಾಭವೆಂದಾನು. ಆದರೆ ಬೆಳವಣಿಗೆ ಬಡ್ಡಿ, ಮರದೊಳಗಿರುವುದು ಅಸಲು. ಕಡಿದ ತೇಗದಲ್ಲಿ ಬಾಗಿಲು, ತೊಲೆಯಾದ ಪಾಲು ಇಂಗಾಲವನ್ನು ಬಹುಕಾಲ ಕಾಯ್ದೀತು. ರೆಂಬೆ, ತೊಗಟೆ, ಚಕ್ಕೆಗಳು ಉರಿದೋ ಕೊಳೆತೋ ಬೇಗನೆ ಅದನ್ನು ಗಾಳಿಗೆ ಮರಳಿಸುತ್ತವೆ. ಆ ನಷ್ಟವನ್ನು ಹೊಸ ಸಸಿ ತುಂಬಿಕೊಡಲು ದಶಕಗಳೇ ಬೇಕು. ಆ ದಶಕಗಳಲ್ಲಿ ಬೆಂಕಿಯಾಗಲಿ ನೆರೆಯಾಗಲಿ ಬಾರದೆಂದು ಹೇಳುವವರಾರು? 2019ರ ಆಗಸ್ಟಿನಲ್ಲಿ ಚಾಲಿಯಾರ್ ಉಕ್ಕಿ ನಿಲಂಬೂರಿಗೇ ನೀರು ನುಗ್ಗಿತ್ತು. ಅಂಥ ದಿನದ ತಾರೀಖು ಯಾವ ಇಳುವರಿ ಕೋಷ್ಟಕದಲ್ಲಿಯೂ ಇರುವುದಿಲ್ಲ.

ನೆಡುವುದು ಪುಣ್ಯವೆಂದು ನಾವೆಲ್ಲರೂ ಬಲ್ಲೆವು. ನೆಟ್ಟದ್ದನ್ನು ಮುಪ್ಪಿನವರೆಗೆ ನಿಲ್ಲಗೊಡುವುದೂ ಲೆಕ್ಕಕ್ಕೆ ಸಲ್ಲುವ ಕೆಲಸವೆಂಬುದಕ್ಕೆ ಕಾನಲಿ ತೋಪೇ ಸಾಕ್ಷಿ.